ಹಳೆಯ ನಾಣ್ಯದ ಬಣ್ಣ

ಮನೆಯಲ್ಲಿ ಬೆಳ್ಳಿಯ ಪಂಚಪಾತ್ರೆಯೋ ಕುಂಕುಮದ ಬಟ್ಟಲೋ ಕಪ್ಪಾದರೆ ಅದನ್ನು ವಿಭೂತಿಯಿಂದ ತಿಕ್ಕಿ ಬೆಳಗುವುದು ಗೃಹಕೃತ್ಯಗಳಲ್ಲೊಂದು. ಕಪ್ಪು ಅಲಕ್ಷ್ಯದ ಗುರುತು. ಹೊಳಪು ಶ್ರದ್ಧೆಯ ಗುರುತು. ಆದರೆ ಅದೇ ಬೆಳ್ಳಿಯು ಹಳೆಯ ನಾಣ್ಯವಾಗಿ ಸಂಗ್ರಾಹಕನ ಕೈಸೇರಿತೆಂದರೆ ಈ ನಿಯಮವು ತಲೆಕೆಳಗಾಗುವುದು. ಅಲ್ಲಿ ಬೆಳಗುವುದೇ ಅಪರಾಧ. ಮೇಲೆ ಕವಿದ ಕಪ್ಪನ್ನು ಕಾಪಾಡುವುದೇ ಶ್ರದ್ಧೆ. ತಿಳಿಯದವನೊಬ್ಬನು ಪ್ರೀತಿಯಿಂದಲೇ ತಿಕ್ಕಿ ತೊಳೆದು ನಾಣ್ಯದ ಬೆಲೆಯಲ್ಲಿ ಬಹುಭಾಗವನ್ನು ಅರ್ಧ ಗಳಿಗೆಯಲ್ಲಿ ಕಳೆದುಬಿಡಬಹುದು.

ಇಂಗ್ಲೆಂಡಿನ ಹಳೆಯ ನಾಣ್ಯಗಳನ್ನು ಕೂಡಿಡುವವರಿಗೆ ಇದು ಮೊದಲನೆಯ ಪಾಠ. ಬೆಳ್ಳಿಯ ಮೇಲೆ ಕಾಲಕ್ರಮದಲ್ಲಿ ಏರುವ ಬೂದು, ಹೊಂಬಣ್ಣ, ಕೆನ್ನೇರಳೆ, ನೀಲಿಗಳನ್ನು ಅವರು ‘ಟೋನಿಂಗ್’ ಎಂದು ಕರೆಯುವರು. ಕನ್ನಡದಲ್ಲಿ ಅದನ್ನು ‘ಛಾಯೆ’ ಎನ್ನಬಹುದು. ಒಳ್ಳೆಯ ಛಾಯೆಯಿರುವ ನಾಣ್ಯಕ್ಕೆ ಬೆಲೆ ಹೆಚ್ಚು. ಬೆಲೆ ಹೆಚ್ಚಾದ ಕಡೆ ಅನುಕರಣೆ ಹುಟ್ಟದೆ ಇರದು. ನೂರು ವರ್ಷಗಳು ಕೊಡುವ ಬಣ್ಣವನ್ನು ಒಂದು ವಾರದಲ್ಲಿ ಕೊಡಬಲ್ಲ ಕುಶಲರು ಹುಟ್ಟಿಕೊಂಡಿದ್ದಾರೆ. ಆದುದರಿಂದ ಸಂಗ್ರಾಹಕನ ಎರಡನೆಯ ಪಾಠ, ಸಹಜವಾದ ಛಾಯೆಯನ್ನು ಕೃತಕವಾದುದರಿಂದ ಬೇರ್ಪಡಿಸಿ ತಿಳಿಯುವುದು.

ಒಂದು ದೃಷ್ಟಾಂತವನ್ನು ತೆಗೆದುಕೊಳ್ಳಬಹುದು. ಮೂರನೆಯ ಜಾರ್ಜ್ ದೊರೆಯ ಆಳಿಕೆಯಲ್ಲಿ, 1787ರಲ್ಲಿ, ಬ್ಯಾಂಕ್ ಆಫ್ ಇಂಗ್ಲೆಂಡಿಗಾಗಿ ಷಿಲಿಂಗುಗಳು ಅಚ್ಚಾದವು. ಅವುಗಳಲ್ಲಿ ಹೆಚ್ಚಿನವು ಪೇಟೆಯ ಕೈಗಳಲ್ಲಿ ಓಡಾಡಲಿಲ್ಲವಾದ ಕಾರಣ ಸವೆಯದ ಪ್ರತಿಗಳು ಇಂದಿಗೂ ದೊರೆಯುತ್ತವೆ. ಅಂತಹ ಎರಡು ಷಿಲಿಂಗುಗಳು ಮೇಜಿನ ಮೇಲೆ ಪಕ್ಕಪಕ್ಕದಲ್ಲಿವೆಯೆಂದು ಭಾವಿಸೋಣವಾಗಲಿ. ಎರಡರ ಅಂಚಿನಲ್ಲಿಯೂ ನೀಲಿ, ಅದರೊಳಗೆ ಗುಲಾಬಿ, ನಡುವೆ ತಿಳಿಹೊನ್ನು. ಒಂದು ತಲೆತಲಾಂತರದಿಂದ ಮಹಾಗನಿ ಮರದ ಪೆಟ್ಟಿಗೆಯಲ್ಲಿ ಮಲಗಿದ್ದು ಆ ಬಣ್ಣವನ್ನು ಪಡೆದದ್ದು. ಇನ್ನೊಂದನ್ನು ಯಾರೋ ತೊಳೆದು ಕೆಡಿಸಿದ್ದರು. ಮತ್ತಾರೋ ಅದಕ್ಕೆ ಗಂಧಕದ ಹಬೆಯನ್ನೂ ಬಿಸಿಯನ್ನೂ ಕೊಟ್ಟು ಬಣ್ಣವೇರಿಸಿದರು. ಎರಡೂ ಟಂಕಸಾಲೆಯಿಂದಲೇ ಬಂದ ನಿಜವಾದ ನಾಣ್ಯಗಳು. ತೂಕವೂ ಒಂದೇ, ಬೆಳ್ಳಿಯೂ ಒಂದೇ, ಕಣ್ಣಿಗೆ ಕಾಣುವ ಚೆಲುವೂ ಹೆಚ್ಚುಕಡಿಮೆ ಒಂದೇ. ಆದರೂ ಒಂದನ್ನು ಜನ ಆದರಿಸುವರು, ಇನ್ನೊಂದನ್ನು ತಳ್ಳಿಬಿಡುವರು. ಈ ಭೇದಕ್ಕೆ ಯುಕ್ತಿಯ ಆಧಾರವುಂಟೆ? ಅಥವಾ ಇದು ಸಿರಿವಂತರ ಒಂದು ಮೂಢನಂಬಿಕೆಯೆ? ಪ್ರಶ್ನೆ ನಾಣ್ಯದ್ದಾದರೂ ಅದರ ಬೇರು ನಾಣ್ಯಕ್ಕಿಂತ ಆಳವಾಗಿ ಇಳಿದಿದೆ.

ಬಣ್ಣದ ಹುಟ್ಟು

ಮೊದಲು ಛಾಯೆಯೆಂದರೇನೆಂಬುದನ್ನು ತಿಳಿಯತಕ್ಕದ್ದು. ಇಂಗ್ಲೆಂಡಿನ ಹಳೆಯ ಬೆಳ್ಳಿ ನಾಣ್ಯದಲ್ಲಿ ಸಾವಿರ ಭಾಗಕ್ಕೆ 925 ಭಾಗ ಬೆಳ್ಳಿ, ಉಳಿದ 75 ಭಾಗ ತಾಮ್ರ. 1920ರಲ್ಲಿ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು; 1947ರಲ್ಲಿ ಚಲಾವಣೆಯ ನಾಣ್ಯಗಳಿಂದ ಅದನ್ನು ಪೂರ್ಣವಾಗಿ ತೆಗೆದು ತಾಮ್ರ ಮತ್ತು ನಿಕ್ಕಲಿನ ಮಿಶ್ರಲೋಹವನ್ನು ತಂದರು. ಬೆಳ್ಳಿಯು ಚಿನ್ನದಂತೆ ಗಾಳಿಯಲ್ಲಿ ನಿರ್ವಿಕಾರವಾಗಿರಲಾರದು. ಗಾಳಿಯಲ್ಲಿ, ಅದರಲ್ಲಿಯೂ ಕಲ್ಲಿದ್ದಲ ಹೊಗೆಯಿಂದ ತುಂಬಿದ್ದ ಹಿಂದಿನ ಲಂಡನ್ನಿನಂತಹ ಊರುಗಳ ಗಾಳಿಯಲ್ಲಿ, ಗಂಧಕದ ಅಂಶ ಬೆರೆತಿರುವುದು. ಅದು ಬೆಳ್ಳಿಯೊಡನೆ ಕೂಡಿ ಸಿಲ್ವರ್ ಸಲ್ಫೈಡ್ ಎಂಬ ಪೊರೆಯಾಗಿ ನಾಣ್ಯದ ಮೇಲೆ ಹಬ್ಬುವುದು. ಈ ಪೊರೆಯ ದಪ್ಪ ಒಂದು ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗದ ಆಸುಪಾಸಿನದು.

ಇಷ್ಟು ತೆಳುವಾದ ಪೊರೆಯ ಮೇಲೆ ಬಿದ್ದ ಬೆಳಕಿನಲ್ಲಿ ಒಂದು ಪಾಲು ಪೊರೆಯ ಮೇಲ್ಮೈಯಿಂದಲೂ ಇನ್ನೊಂದು ಪಾಲು ಅದರ ಕೆಳಗಿನ ಬೆಳ್ಳಿಯಿಂದಲೂ ಹಿಂತಿರುಗುವುದು. ಈ ಎರಡು ಪಾಲುಗಳೂ ಒಂದನ್ನೊಂದು ಕೂಡಿ ಕೆಲವು ಬಣ್ಣಗಳನ್ನು ಹೆಚ್ಚಿಸುವುವು, ಕೆಲವನ್ನು ಅಳಿಸುವುವು. ಸಾಬೂನಿನ ಗುಳ್ಳೆಯ ಮೇಲೆ, ಮಳೆ ಬಿದ್ದ ರಸ್ತೆಯಲ್ಲಿ ಹರಡಿದ ಎಣ್ಣೆಯ ಮೇಲೆ ಕಾಣುವ ಬಣ್ಣಗಳು ಇದೇ ಜಾತಿಯವು. ಪೊರೆ ದಪ್ಪವಾದಂತೆ ಬಣ್ಣಗಳು ಒಂದು ಕ್ರಮದಿಂದ ಬರುವುವು: ಮೊದಲು ತಿಳಿಹಳದಿ, ಬಳಿಕ ಹೊಂಗಂದು, ಆಮೇಲೆ ಕೆನ್ನೇರಳೆ, ನೀಲಿ, ತಿಳಿನೀಲಿ, ಇನ್ನೂ ದಪ್ಪವಾದರೆ ಮತ್ತೊಮ್ಮೆ ಹಳದಿ, ಕೆಂಪು, ಹಸುರು, ಕೊನೆಗೆ ಬಣ್ಣಗಳೆಲ್ಲ ಅಡಗಿ ಕಪ್ಪು. ಹೀಗೆ ಛಾಯೆಯೆಂಬುದು ಮೇಲೆ ಬಳಿದ ವರ್ಣದ್ರವ್ಯವಲ್ಲ. ಬೆಳಕಿಗೂ ಒಂದು ಸೂಕ್ಷ್ಮವಾದ ಪೊರೆಗೂ ನಡೆಯುವ ವ್ಯವಹಾರ.

ಇಲ್ಲಿ ಸ್ಮರಣೀಯವಾದ ಸಂಗತಿಯೊಂದುಂಟು. ತೆಳುವಾದ ಪೊರೆಗಳ ಬಣ್ಣವನ್ನು ಮೊದಲು ಅಳತೆಮಾಡಿ ಕ್ರಮವಿಟ್ಟವರಲ್ಲಿ ಪ್ರಮುಖನು ಐಸಾಕ್ ನ್ಯೂಟನ್. 1704ರಲ್ಲಿ ಹೊರಬಂದ ತನ್ನ ‘ಆಪ್ಟಿಕ್ಸ್’ ಗ್ರಂಥದಲ್ಲಿ ಅವನು ಸಾಬೂನಿನ ಗುಳ್ಳೆಗಳ ಮತ್ತು ಎರಡು ಗಾಜುಗಳ ನಡುವಣ ಗಾಳಿಯ ಪೊರೆಯ ಬಣ್ಣಗಳನ್ನು ವಿವರಿಸಿದನು. ಅವುಗಳ ನಿಜವಾದ ಕಾರಣವನ್ನು ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ತಾಮಸ್ ಯಂಗ್ ತಿಳಿಸಿದನು. ಅದೇ ನ್ಯೂಟನ್ 1696ರಲ್ಲಿ ಲಂಡನ್ನಿನ ಟಂಕಸಾಲೆಯ ವಾರ್ಡನ್ನಾಗಿ, 1699ರ ಕೊನೆಯಿಂದ 1727ರಲ್ಲಿ ತೀರಿಕೊಳ್ಳುವವರೆಗೆ ಅದರ ಮಾಸ್ಟರಾಗಿ ಕೆಲಸಮಾಡಿದನು. ಖೋಟಾ ನಾಣ್ಯಗಾರರನ್ನು ಅವನು ಬೆನ್ನಟ್ಟಿ ಹಿಡಿದನು. ಅವರಲ್ಲಿ ಹೆಸರಾದ ವಿಲಿಯಂ ಚಾಲೊನರ್ ಎಂಬವನು 1699ರಲ್ಲಿ ಗಲ್ಲಿಗೇರಿದನು. ಬಣ್ಣದ ನಿಯಮವನ್ನು ಹುಡುಕಿದ ಬುದ್ಧಿಯೂ ಮೋಸವನ್ನು ಹುಡುಕಿದ ಬುದ್ಧಿಯೂ ಒಂದೇ ತಲೆಯಲ್ಲಿದ್ದವು. ಆದರೆ ಆ ಎರಡು ಕೆಲಸಗಳೂ ಮುಂದೊಂದು ದಿನ ಒಂದೇ ಷಿಲಿಂಗಿನ ಮೇಲೆ ಸಂಧಿಸುವುವೆಂದು ಅವನೂ ಊಹಿಸಿರಲಾರನು.

ಪರೀಕ್ಷೆಯ ಪ್ರಮಾಣಗಳು

ಛಾಯೆಯನ್ನು ಪರೀಕ್ಷಿಸುವ ವಿಧಾನಗಳನ್ನು ಭಾರತೀಯ ತಾರ್ಕಿಕರ ಪರಿಭಾಷೆಯಲ್ಲಿಯೇ ಹೇಳಬಹುದು. ಜ್ಞಾನದ ಸಾಧನಗಳಲ್ಲಿ ಪ್ರತ್ಯಕ್ಷ, ಅನುಮಾನ, ಶಬ್ದಗಳನ್ನು ಅವರು ಎಣಿಸುವರಷ್ಟೆ. ನಾಣ್ಯಪರೀಕ್ಷಕನಿಗೆ ಈ ಮೂರೇ ಗತಿ.

ಪ್ರತ್ಯಕ್ಷವೆಂದರೆ ಕಣ್ಣಿನ ಸಾಕ್ಷ್ಯ. ಪರೀಕ್ಷಕನು ನಾಣ್ಯದ ಅಂಚನ್ನು ಬೆರಳುಗಳಿಂದ ಹಿಡಿದು ದೀಪದ ಕೆಳಗೆ ಮೆಲ್ಲಗೆ ಓರೆಮಾಡುವನು. ಅಚ್ಚಿನ ಪೆಟ್ಟು ಬಿದ್ದಾಗ ಲೋಹವು ನಡುವಿನಿಂದ ಅಂಚಿಗೆ ಹರಿದು ಅತಿಸೂಕ್ಷ್ಮವಾದ ಗೆರೆಗಳನ್ನು ಉಳಿಸಿರುವುದು. ಅವುಗಳಿಂದ ಹುಟ್ಟುವ ಹೊಳಪು ನಾಣ್ಯವನ್ನು ತಿರುಗಿಸಿದಾಗ ಬಂಡಿಯ ಚಕ್ರದ ಅರಗಳಂತೆ ಸುತ್ತುವುದು. ಸಹಜವಾದ ತೆಳುಛಾಯೆಯ ಕೆಳಗೆ ಈ ಹೊಳಪು ಜೀವಂತವಾಗಿರುವುದು. ತೊಳೆದು ತಿಕ್ಕಿ ಆಮೇಲೆ ಬಣ್ಣವೇರಿಸಿದ ನಾಣ್ಯದಲ್ಲಿ ಬಣ್ಣ ಎಷ್ಟು ಉಜ್ಜ್ವಲವಾಗಿದ್ದರೂ ಕೆಳಗೆ ಹೊಳಪು ಸತ್ತಿರುವುದು. ಬಣ್ಣವು ಉಬ್ಬು ತಗ್ಗುಗಳೆನ್ನದೆ ಒಂದೇ ಸಮವಾಗಿ ಹರಡಿದ್ದರೆ, ಅಥವಾ ದ್ರವ ನಿಂತ ಕಲೆಯಂತೆ ಅಕ್ಷರಗಳ ಸುತ್ತ ಮಡುಗಟ್ಟಿದ್ದರೆ, ಪರೀಕ್ಷಕನು ಹುಬ್ಬುಗಂಟಿಕ್ಕುವನು. ಮೂಗಿಗೆ ಗಂಧಕದ ವಾಸನೆ ಬಂದರಂತೂ ಬೇರೆ ವಾದವೇ ಬೇಡ.

ಅನುಮಾನವು ಇದಕ್ಕಿಂತ ಸೂಕ್ಷ್ಮ. ಪೊರೆ ನಿಧಾನವಾಗಿ ಬೆಳೆದಿದ್ದರೆ ಬಣ್ಣಗಳು ತಮ್ಮ ಕ್ರಮವನ್ನು ತಪ್ಪವು. ಅಂಚಿನಲ್ಲಿ ನೀಲಿಯಿದ್ದು ನಡುವೆ ಹಳದಿಯಿದ್ದರೆ ಅವೆರಡರ ನಡುವೆ ಹೊಂಗಂದೂ ಕೆನ್ನೇರಳೆಯೂ ಇರಲೇಬೇಕು. ಮೆಟ್ಟಿಲನ್ನು ಹಾರಿ ಬಂದ ಬಣ್ಣವು ಅವಸರದ ಕೆಲಸಕ್ಕೆ ಲಿಂಗ. ಹಾಗೆಯೇ ಗೀರುಗಳ ಸಾಕ್ಷ್ಯ. ಗೀರು ಪೊರೆಯನ್ನು ಸೀಳಿಕೊಂಡು ಹೋಗಿದ್ದರೆ ಗೀರು ಆಮೇಲಿನದು. ಪೊರೆಯು ಗೀರಿನ ಒಳಗೂ ಇಳಿದು ಹಬ್ಬಿದ್ದರೆ ಗೀರು ಮೊದಲಿನದು. ನಾಣ್ಯದ ತುಂಬ ಕೂದಲೆಳೆಯಂತಹ ಸಮಾನಾಂತರವಾದ ಗೀರುಗಳಿದ್ದು ಅವುಗಳ ಮೇಲೆ ಅಖಂಡವಾಗಿ ಬಣ್ಣ ಹಬ್ಬಿದ್ದರೆ, ಯಾರೋ ಅದನ್ನು ಮೊದಲು ತಿಕ್ಕಿದ್ದಾರೆಂಬುದು ಸಿದ್ಧ. ಆದರೆ ಇಷ್ಟರಿಂದಲೇ ಬಣ್ಣವು ಕೃತಕವೆಂದು ಸಾರುವುದು ತಪ್ಪು. ಬೆಳ್ಳಿಯನ್ನು ತೊಳೆಯುವುದೇ ಸರಿಯೆಂದು ನಂಬಿದ್ದ ಹಿಂದಿನ ತಲೆಮಾರಿನವರು ತೊಳೆದು ಪೆಟ್ಟಿಗೆಯಲ್ಲಿಟ್ಟ ನಾಣ್ಯಗಳು ಬಹಳ. ಅವು ಮತ್ತೆ ತಮ್ಮಷ್ಟಕ್ಕೆ ತಾವೇ ಬಣ್ಣಗಟ್ಟಿವೆ. ತೊಳೆದದ್ದು ನಿಜ, ಬಣ್ಣ ಸಹಜವೆಂಬುದೂ ನಿಜ. ಹೀಗೆ ಲಿಂಗವು ತೋರಿಸುವಷ್ಟನ್ನು ಮಾತ್ರ ಒಪ್ಪಿ ಅದರಾಚೆಗೆ ಹೋಗದಿರುವುದು ಪರೀಕ್ಷಕನ ಸಂಯಮ.

ಮೂರನೆಯದು ಶಬ್ದ, ಎಂದರೆ ನಂಬತಕ್ಕವರ ಮಾತು. ಇಂಗ್ಲೆಂಡಿನ ಸಂಗ್ರಾಹಕರಲ್ಲಿ ಪ್ರತಿಯೊಂದು ನಾಣ್ಯದ ಕೆಳಗೂ ದುಂಡಾದ ಸಣ್ಣ ಕಾಗದದ ಚೀಟಿಯೊಂದನ್ನಿಡುವ ಪದ್ಧತಿಯುಂಟು. ಎಲ್ಲಿ ಕೊಂಡದ್ದು, ಯಾವ ವರ್ಷ, ಯಾರ ಸಂಗ್ರಹದಿಂದ ಬಂದದ್ದು ಎಂಬುದನ್ನು ಅದರಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುವರು. ಹಳೆಯ ಹರಾಜಿನ ಪಟ್ಟಿಗಳೂ ಅವುಗಳಲ್ಲಿನ ಚಿತ್ರಗಳೂ ಈ ಚೀಟಿಗೆ ಬೆಂಬಲವಾಗುವುವು. ಆದರೆ ಚೀಟಿಗೆ ಕಾಲಿಲ್ಲದಿದ್ದರೂ ಕೈಗಳು ಅದನ್ನು ಒಂದು ನಾಣ್ಯದ ಕೆಳಗಿನಿಂದ ಇನ್ನೊಂದರ ಕೆಳಕ್ಕೆ ಕೊಂಡೊಯ್ಯಬಲ್ಲವು. ಆಪ್ತವಾಕ್ಯಕ್ಕೆ ಆಪ್ತತ್ವವೇ ಮೂಲ. ಹೇಳುವವನು ನಂಬುಗೆಗೆ ಅರ್ಹನಲ್ಲದಿದ್ದರೆ ಮಾತು ಬರಿಯ ಶಬ್ದ.

ಮೂರು ಪ್ರಮಾಣಗಳೂ ಕೂಡಿದಾಗಲೂ ಎಷ್ಟೋ ವೇಳೆ ನಿಶ್ಚಯ ದೊರೆಯದು. ಇಬ್ಬರು ಪಳಗಿದ ಪರೀಕ್ಷಕರು ಒಂದೇ ನಾಣ್ಯವನ್ನು ನೋಡಿ ವಿರುದ್ಧವಾದ ತೀರ್ಪನ್ನು ಕೊಡುವುದುಂಟು. ಅಮೆರಿಕಾದಲ್ಲಿ 1980ರ ದಶಕದಿಂದ ನಾಣ್ಯಗಳಿಗೆ ದರ್ಜೆ ಕಟ್ಟಿ ಪ್ಲಾಸ್ಟಿಕ್ಕಿನ ಸಂಪುಟದಲ್ಲಿ ಮುಚ್ಚಿಕೊಡುವ ಸಂಸ್ಥೆಗಳು ಬೆಳೆದಿವೆ. ಬ್ರಿಟಿಷ್ ನಾಣ್ಯಗಳೂ ಅವುಗಳ ಮುಂದೆ ಬರುತ್ತವೆ. ಬಣ್ಣದ ಮೇಲೆ ಸಂದೇಹ ಬಂದರೆ ಅವು ಪೂರ್ಣದರ್ಜೆಯನ್ನು ನಿರಾಕರಿಸುವುವು. ಆದರೆ ಆ ವೃತ್ತಿಯವರ ಮಾತಿನಲ್ಲಿ ‘ಮಾರುಕಟ್ಟೆಗೆ ಒಪ್ಪಿಗೆಯಾಗುವ ಬಣ್ಣ’ ಎಂಬೊಂದು ಪ್ರಯೋಗವಿದೆ. ಬಣ್ಣ ಸಹಜವೆಂದು ಆಣೆಯಿಡಲಾರೆವು, ಕೊಳ್ಳುವವರು ಒಪ್ಪುವಂತಿದೆ ಎಂದಷ್ಟೇ ಅದರ ತಾತ್ಪರ್ಯ. ಇದು ಪ್ರಾಮಾಣಿಕವಾದ ಮಾತೇ ಸರಿ. ಆದರೆ ಸತ್ಯವು ಕೈಗೆ ಸಿಕ್ಕದೆಡೆ ಸಮ್ಮತಿಯು ಅದರ ಪೀಠವನ್ನೇರುವುದೆಂಬುದಕ್ಕೂ ಇದು ನಿದರ್ಶನ.

ಒಂದು ಆಕ್ಷೇಪ

ಇಲ್ಲಿ ಆಕ್ಷೇಪಿಸುವವನೊಬ್ಬನು ಏಳಬಹುದು. ಅವನ ವಾದ ಹೀಗೆ: “ಪರೀಕ್ಷಕರಿಗೇ ತಿಳಿಯದ ಭೇದವು ಭೇದವೇ ಅಲ್ಲ. ಪೆಟ್ಟಿಗೆಯಲ್ಲಿದ್ದ ಷಿಲಿಂಗಿನ ಮೇಲಿರುವುದೂ ಸಿಲ್ವರ್ ಸಲ್ಫೈಡ್, ಕುಶಲನ ಷಿಲಿಂಗಿನ ಮೇಲಿರುವುದೂ ಸಿಲ್ವರ್ ಸಲ್ಫೈಡ್. ಎರಡರಲ್ಲಿಯೂ ಪ್ರಕೃತಿಯ ನಿಯಮವೇ ಕೆಲಸಮಾಡಿದೆ. ಮನುಷ್ಯನು ಅದನ್ನು ತ್ವರೆಪಡಿಸಿದ್ದಾನೆ, ಅಷ್ಟೆ. ಮಾವಿನಕಾಯಿಯನ್ನು ಹುಲ್ಲಿನಲ್ಲಿ ಅಡೆಹಾಕಿ ಹಣ್ಣುಮಾಡುವವನನ್ನು ಯಾರೂ ವಂಚಕನೆನ್ನರು. ಅಲ್ಲದೆ ಸಹಜವೆನ್ನುವುದಾದರೂ ಎಷ್ಟು ಸಹಜ? ಮಹಾಗನಿ ಪೆಟ್ಟಿಗೆಯನ್ನು ಮಾಡಿದವನು ಮನುಷ್ಯ. ಲಂಡನ್ನಿನ ಹೊಗೆಯನ್ನು ಎಬ್ಬಿಸಿದವನೂ ಮನುಷ್ಯ. ಗಂಧಕದ ಅಂಶವಿರುವ ಕಾಗದದ ಲಕೋಟೆಯಲ್ಲಿ ನಾಣ್ಯವನ್ನಿಟ್ಟು ಬಣ್ಣಗಟ್ಟಲೆಂದೇ ಬಿಸಿಲು ಬೀಳುವ ಕಿಟಕಿಯಲ್ಲಿ ಎರಡು ವರ್ಷ ಬಿಟ್ಟವನನ್ನು ಯಾವ ಕಡೆಗೆ ಸೇರಿಸುವಿರಿ?”

ಈ ವಾದದಲ್ಲಿ ಸತ್ಯಾಂಶವಿದೆ. ಅದನ್ನು ಮೊದಲು ಒಪ್ಪಿಕೊಳ್ಳುವುದೇ ನ್ಯಾಯ. ದ್ರವ್ಯವನ್ನು ನೋಡಿದರೆ ಸಹಜಕ್ಕೂ ಕೃತಕಕ್ಕೂ ನಡುವೆ ಗೋಡೆಯಿಲ್ಲ. ಮನುಷ್ಯನ ಕೈ ಸೋಕಿತೆಂಬುದರಿಂದಲೇ ಬಣ್ಣವು ಸುಳ್ಳಾಗುವುದಿಲ್ಲ. ಇದಕ್ಕೆ ಸ್ವತಃ ಇಂಗ್ಲೆಂಡಿನ ಟಂಕಸಾಲೆಯೇ ಸಾಕ್ಷಿ. ಅಲ್ಲಿನ ಕಂಚಿನ ಫಾರ್ದಿಂಗು ಅಗಲದಲ್ಲಿ ಚಿನ್ನದ ಅರ್ಧ ಸವರನ್ನಿಗೆ ಹೆಚ್ಚುಕಡಿಮೆ ಸಮ. ಬೆಲೆಯಲ್ಲಿ ಮಾತ್ರ ಅದರ 480ರಲ್ಲಿ ಒಂದು ಪಾಲು. ಹೊಸದಾಗಿ ಥಳಥಳಿಸುವ ಫಾರ್ದಿಂಗನ್ನು ಚಿನ್ನವೆಂದು ಜನ ಭ್ರಮಿಸಬಾರದೆಂದು 1897ರಿಂದ ಸುಮಾರು ಎರಡು ದಶಕಗಳ ಕಾಲ ಟಂಕಸಾಲೆಯವರು ಫಾರ್ದಿಂಗುಗಳನ್ನು ಬೇಕೆಂದೇ ಕಪ್ಪುಮಾಡಿ ಹೊರಗೆ ಬಿಟ್ಟರು. 1934ರ ಪೆನ್ನಿಗಳೂ 1944ರಿಂದ 1946ರ ವರೆಗಿನ ಪೆನ್ನಿಗಳೂ ಹೀಗೆಯೇ ಕಪ್ಪಾಗಿ ಬಂದವು. ಛಾಯಾಚಿತ್ರಗಾರರು ಬಳಸುವ ‘ಹೈಪೊ’ ಎಂಬ ಲವಣದಿಂದ ಆ ಪೆನ್ನಿಗಳಿಗೆ ಬಣ್ಣ ಕೊಟ್ಟಿದ್ದರು. ಈ ಕಪ್ಪು ಸಂಪೂರ್ಣವಾಗಿ ಕೃತಕ. ಆದರೂ ಅದರಲ್ಲಿ ಸುಳ್ಳಿನ ಲೇಶವೂ ಇಲ್ಲ. ಇವುಗಳಲ್ಲಿ ಕಪ್ಪೇ ಮೂಲಸ್ಥಿತಿ. ಬೆಳಗಿ ಹೊಳಪು ತಂದವನೇ ಇಲ್ಲಿ ಸುಳ್ಳುಗಾರ.

ಇದಕ್ಕೆ ಪ್ರತಿಯಾಗಿ ಇನ್ನೊಂದು ಕಥೆ. 1887ರಲ್ಲಿ ವಿಕ್ಟೋರಿಯಾ ರಾಣಿಯ ಆಳಿಕೆಯ ಐವತ್ತನೆಯ ವರ್ಷದ ಉತ್ಸವದ ಸಂದರ್ಭದಲ್ಲಿ ಹೊಸ ಆರು ಪೆನ್ಸಿನ ಬೆಳ್ಳಿ ನಾಣ್ಯ ಬಂದಿತು. ಅದರ ಮೇಲೆ ಬೆಲೆಯನ್ನು ಬರೆದಿರಲಿಲ್ಲ. ಚಿತ್ರವು ಅರ್ಧ ಸವರನ್ನನ್ನು ಹೋಲುತ್ತಿತ್ತು. ಧೂರ್ತರು ಅದಕ್ಕೆ ಚಿನ್ನದ ಮುಲಾಮು ಹಚ್ಚಿ ಇಪ್ಪತ್ತು ಪಟ್ಟು ಬೆಲೆಯ ಅರ್ಧ ಸವರನ್ನೆಂದು ಚಲಾಯಿಸತೊಡಗಿದರು. ಅದೇ ವರ್ಷ ಆ ನಾಣ್ಯವನ್ನು ನಿಲ್ಲಿಸಿ ಬೆಲೆ ಬರೆದಿದ್ದ ಹಳೆಯ ಮಾದರಿಗೆ ಹಿಂತಿರುಗಬೇಕಾಯಿತು. ಫಾರ್ದಿಂಗಿಗೂ ಬಣ್ಣ ಹಾಕಿದರು, ಆರು ಪೆನ್ಸಿಗೂ ಬಣ್ಣ ಹಾಕಿದರು. ಒಂದು ಬಣ್ಣ ಭ್ರಾಂತಿಯನ್ನು ತಡೆಯಲು, ಇನ್ನೊಂದು ಭ್ರಾಂತಿಯನ್ನು ಹುಟ್ಟಿಸಲು. ಆದುದರಿಂದ ದೋಷವು ಬಣ್ಣ ಹಾಕುವುದರಲ್ಲಿಲ್ಲ. ಬಣ್ಣದ ಬಾಯಿಂದ ಆಡಿಸುವ ಮಾತಿನಲ್ಲಿದೆ.

ಅಡೆಹಾಕಿದ ಮಾವಿನಹಣ್ಣಿಗೂ ಇದೇ ನ್ಯಾಯ. ತಿನ್ನುವವನಿಗೆ ಬೇಕಾದದ್ದು ಹಣ್ಣು, ಮಾಗಿದ ಬಗೆಯಲ್ಲ. ಆದರೆ ಮರದಲ್ಲಿಯೇ ಮಾಗಿದ್ದೆಂದು ಹೇಳಿ ಹೆಚ್ಚಿನ ಬೆಲೆ ತೆಗೆದುಕೊಂಡರೆ ಆಗ ಅದೇ ಹಣ್ಣು ಮೋಸದ ಸಾಧನವಾಗುವುದು. ಕಿಟಕಿಯಲ್ಲಿ ಲಕೋಟೆಯನ್ನಿಟ್ಟವನು ಅದನ್ನು ತಿಳಿಸಿ ಮಾರಿದರೆ ಅವನ ಕೆಲಸ ಒಂದು ವಿನೋದ. ‘ಹಳೆಯ ಸಂಗ್ರಹದ ಛಾಯೆ’ ಎಂದು ಮಾರಿದರೆ ಎರಡು ವರ್ಷದ ತಾಳ್ಮೆಯೂ ಅವನನ್ನು ಕಾಪಾಡದು.

ಶುಕ್ತಿಯೂ ರಜತವೂ

ವಾದವು ಇಲ್ಲಿಗೆ ಮುಗಿಯಲಿಲ್ಲ. ಮಾತಿನಲ್ಲಿ ದೋಷವೆಂದರೆ, ಆ ಮಾತು ಏನನ್ನು ಹೇಳುತ್ತದೆ? ಅದು ಹೇಳುವುದಕ್ಕೆ ಅಷ್ಟು ಬೆಲೆಯೇಕೆ?

ಭ್ರಾಂತಿಯ ಸ್ವರೂಪವನ್ನು ವಿವರಿಸಲು ದಾರ್ಶನಿಕರು ಬಹುಕಾಲದಿಂದ ಬಳಸಿದ ದೃಷ್ಟಾಂತ ಶುಕ್ತಿರಜತ: ಕಡಲ ದಂಡೆಯ ಕಪ್ಪೆಚಿಪ್ಪನ್ನು ದೂರದಿಂದ ನೋಡಿ ಬೆಳ್ಳಿಯೆಂದು ತಿಳಿಯುವುದು. ಹತ್ತಿರ ಹೋಗಿ ನೋಡಿದರೆ ‘ಇದು ಬೆಳ್ಳಿಯಲ್ಲ’ ಎಂಬ ಜ್ಞಾನ ಹುಟ್ಟಿ ಮೊದಲಿನ ಜ್ಞಾನವು ಬಾಧಿತವಾಗುವುದು. ಕೃತಕ ಛಾಯೆಯ ಷಿಲಿಂಗಿನಲ್ಲಿ ಸಂಗತಿ ಬೇರೆ. ಇಲ್ಲಿ ರಜತವು ನಿಜವಾಗಿ ರಜತವೇ. ಷಿಲಿಂಗು ನಿಜವಾಗಿ ಷಿಲಿಂಗೇ. ಸತ್ಯವು ತಿಳಿದ ಮೇಲೂ ನೀಲಿ ನೀಲಿಯಾಗಿಯೇ ಉಳಿಯುವುದು, ಗುಲಾಬಿ ಗುಲಾಬಿಯಾಗಿಯೇ. ಹಾಗಾದರೆ ಬಾಧಿತವಾದದ್ದೇನು? ನಿನ್ನೆ ಸಂತೋಷದಿಂದ ನೋಡಿದ ನಾಣ್ಯವನ್ನು ಇಂದು ಸಂಗ್ರಾಹಕನು ನೋಡಲಾರದೆ ಬದಿಗಿಡುವನಲ್ಲ, ಅವನು ಕಳೆದುಕೊಂಡದ್ದೇನು?

ಅವನು ಕಳೆದುಕೊಂಡದ್ದು ಒಬ್ಬ ಸಾಕ್ಷಿಯನ್ನು. ಇದನ್ನು ತಿಳಿಯಲು ಇಂಗ್ಲೆಂಡಿನ ನಾಣ್ಯಗಳ ಅಂಚನ್ನು ನೋಡಬೇಕು. ಸುತ್ತಿಗೆಯಿಂದ ಬಡಿದು ಅಚ್ಚು ಹಾಕುತ್ತಿದ್ದ ಕಾಲದಲ್ಲಿ ನಾಣ್ಯಗಳ ಅಂಚು ಒರಟಾಗಿದ್ದು, ದುರ್ಜನರು ಸುತ್ತಲೂ ಕತ್ತರಿಸಿ ಬೆಳ್ಳಿಯನ್ನು ಕದಿಯುತ್ತಿದ್ದರು. ಯಂತ್ರದಿಂದ ಅಚ್ಚಾದ 1662ರ ಕ್ರೌನಿನ ಅಂಚಿನಲ್ಲಿ ಅಕ್ಷರಗಳನ್ನು ಮೂಡಿಸಿದರು. ಅಲಂಕಾರವೂ ಹೌದು, ಕಾವಲೂ ಹೌದು ಎಂಬುದು ಆ ಲ್ಯಾಟಿನ್ ಅಕ್ಷರಗಳ ಅರ್ಥ. ಅಂಚಿನ ಬರಹ ಪೂರ್ಣವಾಗಿದ್ದರೆ ಬೆಳ್ಳಿಯನ್ನು ಯಾರೂ ಕತ್ತರಿಸಿಲ್ಲವೆಂದು ಖಾತರಿ. ಹಳೆಯ ಛಾಯೆಯೂ ಅಂತಹ ಒಂದು ಬರಹ. ಅದೂ ಅಲಂಕಾರ, ಅದೂ ಕಾವಲು. ಈ ಪೊರೆ ಹಬ್ಬತೊಡಗಿದಂದಿನಿಂದ ಈ ಮೈಯನ್ನು ಯಾರೂ ತಿಕ್ಕಿಲ್ಲ, ತೊಳೆದಿಲ್ಲ, ಕೆಡಿಸಿಲ್ಲ ಎಂದು ಅದು ಸಾರುವುದು. ಸಂಗ್ರಾಹಕನು ಛಾಯೆಗೆ ಕೊಡುವ ಬೆಲೆಯಲ್ಲಿ ಒಂದು ಪಾಲು ಚೆಲುವಿಗೆ. ಇನ್ನೊಂದು ಪಾಲು ಈ ಸಾಕ್ಷ್ಯಕ್ಕೆ. ಕೃತಕ ಛಾಯೆಯನ್ನು ಬಹುಮಟ್ಟಿಗೆ ಹಾಕುವುದು ತೊಳೆದು ಕೆಟ್ಟ ನಾಣ್ಯದ ಮೇಲೆಯೇ. ಎಂದಮೇಲೆ ಅದು ಕತ್ತರಿಸಿದ ನಾಣ್ಯದ ಅಂಚಿನಲ್ಲಿ ಮತ್ತೆ ಅಕ್ಷರಗಳನ್ನು ಕೆತ್ತಿದಂತೆ. ಯಾವ ಅಪರಾಧವು ನಡೆದಿಲ್ಲವೆಂದು ಹೇಳಲು ಸಾಕ್ಷಿಯನ್ನು ಕರೆದರೋ ಆ ಅಪರಾಧವನ್ನು ಮುಚ್ಚಲು ಅದೇ ಸಾಕ್ಷಿಯ ವೇಷವನ್ನು ಹಾಕಿಸಿದಂತಾಯಿತು.

ಆಕ್ಷೇಪಕ್ಕೆ ಪೂರ್ಣವಾದ ಸಮಾಧಾನ ಇದು. ವಸ್ತುವಿನ ಕೆಲವು ಗುಣಗಳು ಅದರ ಒಳಗಿರುವುವು, ತೂಕದಂತೆ, ಬಣ್ಣದಂತೆ. ಕೆಲವು ಗುಣಗಳು ಅದರ ಹಿಂದಿರುವುವು, ಅದು ನಡೆದುಬಂದ ದಾರಿಯಂತೆ. ಹಿಂದಿರುವ ಗುಣವನ್ನು ತಕ್ಕಡಿ ತೋರಿಸದು, ರಸಾಯನಶಾಸ್ತ್ರವೂ ಬಹುವೇಳೆ ತೋರಿಸದು. ಆದರೂ ಅದು ಇಲ್ಲವೆನ್ನುವಂತಿಲ್ಲ. ತಾಯಿಯ ಕೈಬರಹದ ಕಾಗದವನ್ನೂ ಅದರ ನಿರ್ದುಷ್ಟವಾದ ನಕಲನ್ನೂ ಒಂದೇ ಎಂದು ಯಾವ ಮಗನು ಒಪ್ಪುವನು?

ತಿಳುವಳಿಕೆಯು ಸುಳ್ಳನ್ನೂ ನಿಜದ ಪಂಕ್ತಿಗೆ ತರಬಲ್ಲುದೆಂಬುದಕ್ಕೆ ಜರ್ಮನಿಯ ಕಾರ್ಲ್ ವಿಲ್ಹೆಲ್ಮ್ ಬೆಕರನ ಕಥೆಯನ್ನು ನೆನೆಯಬಹುದು. 1830ರಲ್ಲಿ ತೀರಿಕೊಂಡ ಈ ಕುಶಲನು ಪ್ರಾಚೀನ ನಾಣ್ಯಗಳ ಅಚ್ಚುಗಳನ್ನು ತಾನೇ ಕೆತ್ತಿ ಖೋಟಾ ನಾಣ್ಯಗಳನ್ನು ತಯಾರಿಸುತ್ತಿದ್ದನು. ಹೊಸತನ ಹೋಗಲೆಂದು ಅವುಗಳನ್ನು ಕಬ್ಬಿಣದ ಪುಡಿಯೊಡನೆ ಪೆಟ್ಟಿಗೆಯೊಂದರಲ್ಲಿ ಹಾಕಿ ತನ್ನ ಸಾರೋಟಿಗೆ ಕಟ್ಟಿ ದಾರಿಯುದ್ದಕ್ಕೂ ಕುಲುಕಾಡಿಸುತ್ತಿದ್ದನೆಂದು ಹೇಳುತ್ತಾರೆ. ಇಂದು ಬೆಕರನ ನಾಣ್ಯಗಳನ್ನು ಬೆಕರನವೆಂದು ತಿಳಿದೇ ಕೂಡಿಡುವವರಿದ್ದಾರೆ. ಲೋಹದಲ್ಲಿ ಏನೂ ಬದಲಾಗಲಿಲ್ಲ. ಅದರ ಮೇಲಿನ ಮಾತು ಬದಲಾಯಿತು. ಮಾತು ನಿಜವಾದೊಡನೆ ನಾಣ್ಯವೂ ನಿರ್ದೋಷಿಯಾಯಿತು.

ಸಂಗ್ರಾಹಕನ ಧರ್ಮ

ಈ ವಿಚಾರವು ನಿಜವಾಗಿ ಕಠಿನವಾಗುವುದು ವಂಚಕನ ವಿಷಯದಲ್ಲಲ್ಲ. ಅವನ ದೋಷ ಸ್ಪಷ್ಟ. ಕಠಿನವಾಗುವುದು ವಂಚನೆಗೆ ಒಳಗಾದ ಸಜ್ಜನನ ವಿಷಯದಲ್ಲಿ. ಹೆಚ್ಚಿನ ಬೆಲೆ ಕೊಟ್ಟು ಚೆಲುವಾದ ಷಿಲಿಂಗೊಂದನ್ನು ಅವನು ತಂದಿದ್ದಾನೆ. ವರ್ಷಗಳು ಕಳೆದಂತೆ ಅವನ ಕಣ್ಣು ಪಳಗಿದೆ. ಒಂದು ಸಂಜೆ ದೀಪದ ಕೆಳಗೆ ನೋಡುವಾಗ ಬಣ್ಣದ ಅಡಿಯಲ್ಲಿ ಕೂದಲೆಳೆಯ ಗೀರುಗಳು ಕಾಣುತ್ತವೆ. ನೀಲಿಯಿಂದ ಹಳದಿಗೆ ಬಣ್ಣ ಹಾರಿರುವುದು ಕಾಣುತ್ತದೆ. ಮನಸ್ಸಿನಲ್ಲಿ ಸಂದೇಹ ಹುಟ್ಟುತ್ತದೆ. ನಿಶ್ಚಯವಿಲ್ಲ, ಸಂದೇಹ ಮಾತ್ರ.

ಈ ಗಳಿಗೆಯಲ್ಲಿ ಮೂರು ಪ್ರಲೋಭನೆಗಳು ಅವನನ್ನು ಸುತ್ತುವುವು. ಮೊದಲನೆಯದು ಕಾಣದಂತಿರುವುದು. ಹಣ ಕೊಟ್ಟು ಕೊಂಡ ನಂಬಿಕೆಯನ್ನು ಬಿಡುವುದು ಉಚಿತವಾಗಿ ಬಂದ ನಂಬಿಕೆಯನ್ನು ಬಿಡುವುದಕ್ಕಿಂತ ಕಷ್ಟ. ಪರರ ನಾಣ್ಯದಲ್ಲಿ ದೋಷವನ್ನು ಕ್ಷಣದಲ್ಲಿ ಹಿಡಿಯುವ ಕಣ್ಣು ತನ್ನ ನಾಣ್ಯದ ಮುಂದೆ ಮಂಜಾಗುವುದು. ಎರಡನೆಯದು ಮೌನವಾಗಿ ದಾಟಿಸುವುದು. “ತಾನು ಕೊಂಡಾಗ ಯಾರೂ ಹೇಳಲಿಲ್ಲ, ತಾನೇಕೆ ಹೇಳಬೇಕು? ನಿಶ್ಚಯವಿಲ್ಲದ್ದನ್ನು ಹೇಳಿ ನಷ್ಟಪಡುವುದು ಧರ್ಮವೆ?” ಎಂದು ಮನಸ್ಸು ವಾದಿಸುವುದು. ಈ ವಾದ ಸಾಧುವಾಗಿ ಕಂಡರೂ ಸಾಧುವಲ್ಲ. ಕೊಳ್ಳುವವನು ಬೆಲೆ ಕೊಡುವುದು ಛಾಯೆಯ ಸಾಕ್ಷ್ಯಕ್ಕೆ. ಸಾಕ್ಷಿಯ ಮೇಲೆ ಮಾರುವವನಿಗೇ ನಂಬಿಕೆ ಹೋಗಿರುವಾಗ ಅದನ್ನು ಮುಚ್ಚಿಟ್ಟರೆ, ಮೊದಲ ವಂಚಕನು ಆರಂಭಿಸಿದ ವಾಕ್ಯವನ್ನು ಇವನು ಪೂರ್ತಿಮಾಡಿದಂತೆ. ನಿಶ್ಚಯವಿಲ್ಲದಿದ್ದರೆ ನಿಶ್ಚಯವಿಲ್ಲವೆಂದೇ ಹೇಳಬಹುದಲ್ಲ. ಸಂದೇಹವನ್ನು ಸಂದೇಹವಾಗಿ ತಿಳಿಸುವುದೂ ಸತ್ಯವೇ.

ಮೂರನೆಯ ಪ್ರಲೋಭನೆಯು ಸದ್ಗುಣದ ವೇಷದಲ್ಲಿ ಬರುವುದು. ಸುಳ್ಳು ಬಣ್ಣವನ್ನು ತೊಳೆದುಬಿಟ್ಟು ನಾಣ್ಯವನ್ನು ಶುದ್ಧಮಾಡೋಣವೆಂದು ಅವನಿಗೆ ತೋರಬಹುದು. ಆದರೆ ತೊಳೆಯುವ ಆಮ್ಲವು ಪೊರೆಯನ್ನು ಕರಗಿಸುವಾಗ ಬೆಳ್ಳಿಯ ಮೈಯನ್ನೂ ಸ್ವಲ್ಪ ಸವೆಸುವುದು. ಅಚ್ಚಿನ ಹೊಳಪಿನ ಸೂಕ್ಷ್ಮ ಗೆರೆಗಳು ಮತ್ತಷ್ಟ ಅಳಿಯುವುವು. ಅವನ ಸಂದೇಹವೇ ತಪ್ಪಾಗಿದ್ದರೆ, ನಿರಪರಾಧಿಯಾದ ಸಾಕ್ಷಿಯ ಬಾಯನ್ನು ಶಾಶ್ವತವಾಗಿ ಮುಚ್ಚಿದಂತಾಗುವುದು. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬುದು ನಿಜ. ಆದರೆ ಹಾಲನ್ನು ಹಾಲಲ್ಲವೆಂದು ಚೆಲ್ಲುವವನೂ ವಿವೇಕಿಯಲ್ಲ. ಸುಲಭವಾಗಿ ನಂಬುವುದು ಹೇಗೆ ದೋಷವೋ ಹಾಗೆಯೇ ಎಲ್ಲವನ್ನೂ ಸಂಶಯಿಸುವುದೂ ದೋಷ. ಕೆಲವು ಪರೀಕ್ಷಕರು ಉಜ್ಜ್ವಲವಾದ ಬಣ್ಣವನ್ನು ಕಂಡೊಡನೆ ಕೃತಕವೆಂದು ತೀರ್ಪಿತ್ತು ತಮ್ಮ ಸೂಕ್ಷ್ಮದೃಷ್ಟಿಗೆ ತಾವೇ ಹಿಗ್ಗುವರು. ಸುಳ್ಳನ್ನು ನಿಜವೆಂದವನು ಒಬ್ಬ ಕೊಳ್ಳುವವನಿಗೆ ಅನ್ಯಾಯ ಮಾಡಿದನು. ನಿಜವನ್ನು ಸುಳ್ಳೆಂದವನು ಆ ನಾಣ್ಯವನ್ನು ಜತನದಿಂದ ಕಾಪಾಡಿದ ಎಷ್ಟೋ ಕೈಗಳಿಗೆ ಅನ್ಯಾಯ ಮಾಡಿದನು.

ಮನುಷ್ಯರ ವಿಷಯದಲ್ಲಿಯೂ ಇದನ್ನು ಹೇಳಬಹುದೆಂದು ವಾಚಕರಿಗೆ ತೋರಿದ್ದರೆ ಆಶ್ಚರ್ಯವಿಲ್ಲ. ವಯಸ್ಸು, ಅನುಭವ, ಕಷ್ಟಸಹಿಷ್ಣುತೆಗಳು ಒಬ್ಬನ ನಡೆನುಡಿಗೆ ಒಂದು ಛಾಯೆಯನ್ನು ಕೊಡುವುವು. ಅದನ್ನು ಅಭ್ಯಾಸದಿಂದ ಬೇಗನೆ ತಂದುಕೊಳ್ಳುವವರೂ ಉಂಟು. ಗಾಂಭೀರ್ಯದ ಅಭ್ಯಾಸವು ತಾನೇ ತಪ್ಪಲ್ಲ. ಒಳಗಿನ ಗೀರುಗಳನ್ನು ಮುಚ್ಚಲೆಂದು ಅದನ್ನು ಹೊದ್ದುಕೊಂಡಾಗ ಮಾತ್ರ ಅದು ಸುಳ್ಳಾಗುವುದು. ಅಲ್ಲಿಯೂ ಪರೀಕ್ಷಕನು ಬಣ್ಣವನ್ನು ಬಿಟ್ಟು ಅದರ ಕೆಳಗಿನ ಹೊಳಪು ಜೀವಂತವಾಗಿದೆಯೇ ಎಂದು ನೋಡಬೇಕಾಗುವುದು. ಅಲ್ಲಿಯೂ ಅವನು ಬೇಗನೆ ತೀರ್ಪು ಕೊಡಲಾಗದು.

ಸಂದೇಹಕ್ಕೊಳಗಾದ ಷಿಲಿಂಗಿನ ಒಡೆಯನಿಗೆ ಉಳಿದ ಕೆಲಸ ಸಣ್ಣದು. ಅವನು ನಾಣ್ಯವನ್ನು ತೊಳೆಯಬೇಕಾಗಿಲ್ಲ, ಎಸೆಯಬೇಕಾಗಿಲ್ಲ, ಅದರ ಚೆಲುವನ್ನು ದ್ವೇಷಿಸಬೇಕಾಗಿಯೂ ಇಲ್ಲ. ಅದರ ಕೆಳಗಿನ ದುಂಡು ಚೀಟಿಯನ್ನು ತೆಗೆದು, ತಾನು ಕೊಂಡ ವರ್ಷದ ಪಕ್ಕದಲ್ಲಿ, ‘ಛಾಯೆಯ ವಿಷಯದಲ್ಲಿ ಸಂದೇಹವಿದೆ’ ಎಂದು ಸ್ಪಷ್ಟವಾದ ಅಕ್ಷರದಲ್ಲಿ ಬರೆದು, ಮತ್ತೆ ಅಲ್ಲಿಯೇ ಇಟ್ಟು ಪೆಟ್ಟಿಗೆಯನ್ನು ಮುಚ್ಚಿದರೆ ಸಾಕು. ಅವನ ತರುವಾಯ ಆ ಪೆಟ್ಟಿಗೆಯನ್ನು ತೆರೆಯುವವರು ಅವನ ಮುಖವನ್ನು ಕಂಡವರಾಗಿರಲಿಕ್ಕಿಲ್ಲ. ಆದರೆ ಆ ನಾಣ್ಯದ ವಿಷಯದಲ್ಲಿ ಒಂದು ನಿಜವಾದ ಮಾತು ಅವರಿಗೆ ದೊರೆಯುವುದು. ಉಳಿದ ಚೀಟಿಗಳನ್ನೂ ನಂಬಬಹುದೆಂಬ ಧೈರ್ಯ ಅದರಿಂದಲೇ ಅವರಿಗೆ ಬರುವುದು.